ಮಳೆ ಬಿಟ್ಟ ಮೇಲೆ ಓದಬಹುದಾದವು

ಅಪ್ಪನ ಪತ್ರದಲ್ಲಿ ಆ ಸುದ್ದಿ ಮೂರನೆಯ ಸಾಲಿನಲ್ಲಿತ್ತು. ಮೊದಲ ಸಾಲು ಈ ಸಲ ಕಾಫಿ ಅರಳಿಸುವ ಹೂಮಳೆ ಹೊತ್ತಿಗೆ ಸರಿಯಾಗಿ ಬಿದ್ದುದರ ಬಗ್ಗೆ, ಎರಡನೆಯದು ಅಮ್ಮನ ಮಂಡಿನೋವಿನ ಬಗ್ಗೆ. ಮೂರನೆಯದು ಹೀಗಿತ್ತು: 'ಲಾರಿ ಸಾಹೇಬರು ಶುಕ್ರವಾರ ಬೆಳಿಗ್ಗೆ ತೀರಿಕೊಂಡರು. ಮಣ್ಣಿಗೆ ಹೋಗಿಬಂದೆ.' ವನಗೂರಿನ ಆಚೆಯ ಕಾಫಿ ಎಸ್ಟೇಟೊಂದರಲ್ಲಿ ಅಪ್ಪ ರೈಟರ್, ಎಂದರೆ ಲೆಕ್ಕ ಬರೆದು ಕೆಲಸದವರನ್ನು ನೋಡಿಕೊಳ್ಳುವವರು. ಇಷ್ಟು ವರ್ಷ ಬರೆದೂ ಬರೆದೂ ಅವರಿಗೆ ಹೆಚ್ಚು ಮಾತು ಬರೆಯುವುದು ಬೇಡವಾಗಿದೆ. ಅವರು 'ಹೋಗಿಬಂದೆ' ಎಂದು ಬರೆದರೆ, ಆ ಕೆಟ್ಟ ದಾರಿಯಲ್ಲಿ ಇಡೀ ದಿನ ಕಳೆದು, ಕೊನೆಯವರೆಗೆ ನಿಂತು ಬಂದಿದ್ದಾರೆ ಎಂದು ನಾನು ತಿಳಿದುಕೊಳ್ಳಬೇಕು.

ಸಾಹೇಬರ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ತಮ್ಮ ಹೆಸರು ಎಲ್ಲಿಯೂ ಕಾಣಿಸುವುದು ಅವರಿಗೆ ಇಷ್ಟವಿರಲಿಲ್ಲ. ಅವರ ಎರಡು ಲಾರಿಗಳ ಮೇಲೆ ನಂಬರ್ ಬಿಟ್ಟು ಬೇರೆ ಅಕ್ಷರವಿರಲಿಲ್ಲ. ಸಕಲೇಶಪುರದಲ್ಲಿ, ಹೊಳೆಯ ಸೇತುವೆ ದಾಟಿದೊಡನೆ ಸಿಗುವ ಒಂದೇ ಕೋಣೆಯ ಆಫೀಸಿಗೆ ಬೋರ್ಡೂ ಇರಲಿಲ್ಲ. ಮೇಲಿನ ಎಸ್ಟೇಟುಗಳಿಂದ ಕಾಫಿ ಮೂಟೆಗಳನ್ನು ಇಳಿಸಿಕೊಂಡು ಬರುವುದು ಅವರ ಕೆಲಸ. ಆದರೆ ಹೆತ್ತೂರಿನಿಂದ ಪಾಳ್ಯದವರೆಗೆ ಅವರನ್ನು ಜನ ನೆನೆಯುವುದು, ಮೂಟೆ ತರಲು ಖಾಲಿಯಾಗಿ ಹತ್ತುತ್ತಿದ್ದ ಆ ಲಾರಿಗಳಲ್ಲಿ ಅವರು ಕಳಿಸುತ್ತಿದ್ದ ಪುಸ್ತಕಗಳಿಗಾಗಿ.

ಪ್ರತಿವರ್ಷ ಮಳೆ ಬಿಟ್ಟು ದಾರಿ ಗಟ್ಟಿಯಾಗುವ ಹೊತ್ತಿಗೆ ಅವರು ಮೈಸೂರಿಗೆ ಹೋಗುತ್ತಿದ್ದರು. ಅದು ದಸರೆಯ ಸಮಯ. ಅವರು ದಸರೆ ನೋಡುತ್ತಿರಲಿಲ್ಲ. ಮೂರು ದಿನ ಪುಸ್ತಕದ ಅಂಗಡಿಗಳಲ್ಲಿ ನಿಂತು, ಆ ವರ್ಷ ಹೊಸದಾಗಿ ಬಂದ ಪುಸ್ತಕಗಳಲ್ಲಿ ಎಂಟೋ ಒಂಬತ್ತೋ ಆರಿಸಿ ತರುತ್ತಿದ್ದರು. ಕತೆ, ಕಾದಂಬರಿ, ಪದ್ಯ ಒಂದೂ ಅದರಲ್ಲಿ ಇರುತ್ತಿರಲಿಲ್ಲ. ಬಾವಿ ತೋಡುವುದು, ಜೇನು ಸಾಕುವುದು, ಬಾಣಂತಿಯ ಆರೈಕೆ, ಯಾರದೋ ಪ್ರವಾಸ, ಯಾರದೋ ಜೀವನ, ಒಂದು ಸೀಮೆಯ ಚರಿತ್ರೆ ಇಂಥವು. ಕಾದಂಬರಿ ಯಾಕೆ ತರುವುದಿಲ್ಲ ಎಂದು ನಾನು ಒಮ್ಮೆ ಕೇಳಿದ್ದೆ.

"ಕತೆ ಕೆಟ್ಟದ್ದು ಅಂತ ಅಲ್ಲ ತಾಯಿ," ಎಂದರು. "ಅದನ್ನ ಯಾರಿಗೆ ಓದಿ ಹೇಳಿ ಸರಿ ಐತಾ ಅಂತ ಕೇಳ್ಲಿ?"

ಅವರ ಇಡೀ ಪದ್ಧತಿ ಆ ಮಾತಿನಲ್ಲಿತ್ತು. ತಂದ ಪುಸ್ತಕವನ್ನು ಅವರು ಮೊದಲು ತಾವು ಓದುತ್ತಿದ್ದರು. ಶಾಲೆಯಲ್ಲಿ ಅವರು ಕಲಿತದ್ದು ಕನ್ನಡ ಲೋವರ್ ಸೆಕೆಂಡರಿಯವರೆಗೆ. ನಿಧಾನವಾಗಿ, ತುಟಿ ಆಡಿಸಿಕೊಂಡು, ನಡುವಿನಿಂದ ಶುರುಮಾಡಿ ಓದುತ್ತಿದ್ದರು. ಮುನ್ನುಡಿಯನ್ನು ಕಡೆಗೆ ನೋಡುತ್ತಿದ್ದರು. "ಮುನ್ನುಡಿ ಬರೆಯೋರು ಮದುವೆ ದಲ್ಲಾಳಿಗಳಿದ್ದಂಗೆ. ಅವರ ಮಾತು ಕೇಳ್ಕೊಂಡು ಹೆಣ್ಣು ನೋಡಬಾರದು" ಎಂಬುದು ಅವರ ಅಂಬೋಣ. ಆಮೇಲೆ ಪುಸ್ತಕವನ್ನು, ಅದು ಯಾವ ಕೆಲಸದ ಬಗ್ಗೆ ಇದೆಯೋ ಆ ಕೆಲಸ ಮಾಡುವವರ ಹತ್ತಿರ ತೆಗೆದುಕೊಂಡು ಹೋಗಿ ಓದಿ ಹೇಳುತ್ತಿದ್ದರು. ಕೇಳಿದವರು ಅಂದದ್ದನ್ನು ಒಂದು ಚೀಟಿಯಲ್ಲಿ, ಅವರ ಹೆಸರು ಹಾಕಿ, ಬರೆದು ರಟ್ಟಿನ ಒಳಗಡೆ ಮೈದಾ ಅಂಟಿನಿಂದ ಅಂಟಿಸುತ್ತಿದ್ದರು. ಎಲ್ಲ ಮುಗಿದ ಮೇಲೆ ಒಂದು ಪಟ್ಟಿ ತಯಾರಾಗುತ್ತಿತ್ತು. ಉದ್ದನೆಯ ಕಾಗದದಲ್ಲಿ, ಕಾರ್ಬನ್ ಇಟ್ಟು ಬರೆದದ್ದು. ತಲೆಬರಹ ಪ್ರತಿವರ್ಷವೂ ಒಂದೇ: 'ಈ ಸಲ ಮಳೆ ಬಿಟ್ಟ ಮೇಲೆ ಓದಬಹುದಾದವು.' ಅದು ಎಸ್ಟೇಟಿನ ಬಂಗಲೆಗಳಿಗೂ ಶಾಲೆಗಳಿಗೂ ಅಂಚೆ ಕಚೇರಿಗೂ ಹೋಗುತ್ತಿತ್ತು. ಬೇಕಾದವರು ಡ್ರೈವರನ ಹತ್ತಿರ ಹೇಳಿದರೆ ಮುಂದಿನ ಲಾರಿಯಲ್ಲಿ ಪುಸ್ತಕ ಬರುತ್ತಿತ್ತು, ಹಳೆಯ ಟಾರ್ಪಾಲಿನ ತುಂಡಿನಲ್ಲಿ ಸುತ್ತಿಕೊಂಡು.

ಈ ಅಭ್ಯಾಸ ಹುಟ್ಟಿದ್ದು ಅವರ ಒಂದು ತಪ್ಪಿನಿಂದ. ಅದನ್ನು ಅವರು ಯಾರು ಕೇಳಿದರೂ ಮರೆಮಾಚದೆ ಹೇಳುತ್ತಿದ್ದರು. ಮೊದಲ ವರ್ಷಗಳಲ್ಲಿ ಪುಸ್ತಕ ತಂದು ಸುಮ್ಮನೆ ಕೊಡುತ್ತಿದ್ದರಂತೆ. ಪಾಳ್ಯದ ಕಡೆಯ ಒಬ್ಬ ರೈತನಿಗೆ ಬಾವಿಯ ಪುಸ್ತಕ ಕೊಟ್ಟರು. ಆತ ಅದರಲ್ಲಿ ಹೇಳಿದ ಗುರುತು ನೋಡಿ ಜಾಗ ಹಿಡಿದು ಇಡೀ ಬೇಸಿಗೆ ತೋಡಿದ. ನೀರು ಬರಲಿಲ್ಲ. ಪುಸ್ತಕವನ್ನು ಪಂಚೆಯ ಸೆರಗಿನಲ್ಲಿ ಒರೆಸಿ, ಮರ್ಯಾದೆಯಿಂದ ವಾಪಸು ತಂದು ಮೇಜಿನ ಮೇಲಿಟ್ಟು, "ಸಾಹೇಬ್ರೇ, ಇದನ್ನ ನೀವು ಓದಿದ್ರಾ?" ಎಂದನಂತೆ. ಸಾಹೇಬರು ಓದಿರಲಿಲ್ಲ. ಆತ ಎದ್ದುಹೋದ. ಆಮೇಲೆ ಅವರು ಅದೇ ಪುಸ್ತಕವನ್ನು ಬಾವಿ ತೋಡುವ ಒಬ್ಬ ಮುದುಕನಿಗೆ ಓದಿ ಹೇಳಿದರು. ಮುದುಕ ಎರಡು ಪುಟಕ್ಕೇ ಕೈ ಅಡ್ಡ ಹಿಡಿದು, "ಇದು ಬಯಲುಸೀಮೆ ನೆಲದ ಮಾತು. ನಮ್ಮ ಕಡೀಕೆ ಆಗಲ್ಲ, ನಿಲ್ಸಿ" ಎಂದ.

"ಅವನೇನಾದ್ರೂ ಬೈದಿದ್ರೆ ಮರ್ತು ಹೋಗ್ತಿತ್ತು," ಎನ್ನುತ್ತಿದ್ದರು ಸಾಹೇಬರು. "ಓದಿದ್ರಾ ಅಂತ ಕೇಳ್ಬುಟ್ಟ ನೋಡಿ."

ಚೀಟಿಗಳಲ್ಲಿ ಕೆಲವು ನನಗೆ ಇಂದಿಗೂ ನೆನಪಿವೆ. ಜೇನಿನ ಪುಸ್ತಕವನ್ನು ವನಗೂರಿನ ಕಾಡಂಚಿನಲ್ಲಿ ಜೇನು ಬಿಡಿಸುವವನಿಗೆ ಓದಿದಾಗ ಆತ ಹೇಳಿದ್ದು: 'ಬರೆದ ಪುಣ್ಯಾತ್ಮ ಜೇನು ನೋಡಿದ್ದಾನೆ, ಕಚ್ಚಿಸಿಕೊಂಡಿಲ್ಲ. ಅರ್ಧ ನಂಬಬಹುದು.' ಸಮುದ್ರಯಾನದ ಪುಸ್ತಕವೊಂದು ಎರಡು ವರ್ಷ ಆಫೀಸಿನ ಬೀರುವಿನಲ್ಲೇ ಕುಳಿತಿತ್ತು. ಹಡಗು ಹತ್ತಿದವರು ನಮ್ಮ ಕಡೆ ಯಾರೂ ಇರಲಿಲ್ಲ. ಕೊನೆಗೆ ಯುದ್ಧಕಾಲದಲ್ಲಿ ದಂಡಿನ ಜೊತೆ ಹಡಗಿನಲ್ಲಿ ಅಡಿಗೆಗೆ ಹೋಗಿದ್ದ ಒಬ್ಬರು ಎಸ್ಟೇಟೊಂದರ ಬಂಗಲೆಗೆ ಕೆಲಸಕ್ಕೆ ಬಂದರು. ಸಾಹೇಬರು ಆ ವಾರವೇ ಜೀಪು ಹತ್ತಿಸಿಕೊಂಡು ಹೋದರು. ಚೀಟಿ ಹೀಗಿತ್ತು: 'ವಾಂತಿಯ ವಿಷಯ ಒಂದು ಸಾಲೂ ಇಲ್ಲ. ಉಳಿದದ್ದು ನಿಜ.' ನಕ್ಷತ್ರಗಳ ಬಗ್ಗೆ ಒಂದು ಪುಸ್ತಕ ಬಂದಾಗ ಅವರು ತುಂಬ ಯೋಚಿಸಿ ತಾವೇ ಬರೆದರು: 'ಇಲ್ಲಿಂದ ಯಾರೂ ಹೋಗಿಲ್ಲ. ಓದಿ ನೋಡಿ.'

ಅವರನ್ನು ಹೊಗಳುವುದಷ್ಟೇ ನನ್ನ ಉದ್ದೇಶವಲ್ಲ. ಹಟ ಬಹಳ. ಪಟ್ಟಿಯ ವಿಷಯದಲ್ಲಿ ಎಸ್ಟೇಟಿನ ಮಾಲೀಕರ ಮಾತನ್ನೂ ಕೇಳುತ್ತಿರಲಿಲ್ಲ. ಪುಸ್ತಕದ ಅಂಚಿನಲ್ಲಿ ಎಣ್ಣೆಯ ಬೆರಳಿನ ಗುರುತು ಮೂಡಿದ್ದರೆ, ಅದನ್ನು ಹಿಂತಿರುಗಿಸಿದವರ ಮಗಳ ಮದುವೆಗೆ ಕರೆದರೂ ಹೋಗದಿದ್ದುದುಂಟು. ಮನೆಯಲ್ಲಿ ಅವರ ಹೆಂಡತಿ, "ಇವರಿಗೆ ಯಾರಾದ್ರೂ ಸತ್ತರು ಅಂದ್ರೆ ಪುಸ್ತಕ ವಾಪಸ್ ಕೊಟ್ಟಿದ್ರಾ ಅಂತ ಮೊದ್ಲು ಕೇಳ್ತಾರೆ" ಎಂದು ನನ್ನೆದುರಿಗೇ ಹೇಳಿದ್ದರು. ಸಾಹೇಬರು ಅಲ್ಲಗಳೆಯಲಿಲ್ಲ.

ನಾನು ಮೈಸೂರಿನಲ್ಲಿ ಕನ್ನಡ ಎಂ.ಎ. ಮುಗಿಸಿ ಎಸ್ಟೇಟಿಗೆ ಹಿಂತಿರುಗಿದ ವರ್ಷ ಅವರ ಕೆಲಸದೊಳಗೆ ಬಂದೆ. ಮನೆಯಲ್ಲಿ ಕುಳಿತು ಕೆಲಸದ ಕಾಗದಕ್ಕೆ ಕಾಯುತ್ತಿದ್ದೆ. ಒಂದು ದಿನ ಅವರ ಜೀಪು ನಮ್ಮ ಮನೆಯ ಕೆಳಗೆ ನಿಂತಿತು. ಹೆಂಗಸರಿರುವ ಮನೆಯೊಳಗೆ ಅವರು ಬರುತ್ತಿರಲಿಲ್ಲ. ಮೆಟ್ಟಿಲ ಬುಡದಲ್ಲಿ ನಿಂತು, ಟೋಪಿ ಸರಿಮಾಡಿಕೊಂಡು, ಅಪ್ಪನ ಹತ್ತಿರ ಮಾತಾಡಿದರು.

"ರೈಟ್ರೇ, ಒಂದು ಬಾಣಂತನದ ಪುಸ್ತಕ ಐತೆ. ನಾನು ಹೋಗಿ ಸೂಲಗಿತ್ತಿ ಮುಂದೆ ಅದನ್ನ ಓದಿದ್ರೆ ಪೊರಕೆ ತಗೋತಾಳೆ. ನಿಮ್ಮ ಮಗಳು ಓದಿರೋ ಹೆಣ್ಣುಮಗಳು. ಕಳಿಸಿಕೊಡ್ತೀರಾ?"

ಅಪ್ಪ ನನ್ನ ಕಡೆ ನೋಡಿದರು. ನಾನು ಚಪ್ಪಲಿ ಹಾಕಿಕೊಂಡೆ.

ಆ ಸೂಲಗಿತ್ತಿ ಪುಸ್ತಕದ ಮೊದಲ ಅಧ್ಯಾಯ ಕೇಳಿ, "ಬರ್ದೋನಿಗೆ ಎಷ್ಟು ಮಕ್ಳು?" ಎಂದಳು. ಬರೆದವರು ಹೆಂಗಸು, ಡಾಕ್ಟರು ಎಂದೆ. "ಹಂಗಾರೆ ಮುಂದಕ್ಕೆ ಓದವ್ವ," ಎಂದು ಕಾಲು ಚಾಚಿ ಕುಳಿತಳು. ಮೂರು ಮಧ್ಯಾಹ್ನ ಓದಿದೆ. ಹೊಕ್ಕುಳ ಬಳ್ಳಿ ಕತ್ತರಿಸುವ ಮುಂಚೆ ಕತ್ತರಿಯನ್ನು ಕುದಿಸಬೇಕು ಎಂಬಲ್ಲಿ ಮಾತ್ರ ತಡೆದು, ಇನ್ನೊಂದು ಸಲ ಓದಿಸಿದಳು. ಚೀಟಿಯಲ್ಲಿ ಬರೆಯಲು ಹೇಳಿದ್ದು ಅದೊಂದೇ ಮಾತು: 'ಇದು ನನಗೆ ಗೊತ್ತಿರಲಿಲ್ಲ.' ಸಾಹೇಬರು ಆ ಚೀಟಿಯನ್ನು ಬಹಳ ಹೊತ್ತು ಕೈಯಲ್ಲಿ ಹಿಡಿದಿದ್ದರು. ಅಂದಿನಿಂದ ಹೆಂಗಸರಿಗೆ ಓದಿ ಹೇಳುವ ಕೆಲಸ ನನ್ನದಾಯಿತು.

ಅದೇ ದಿನಗಳಲ್ಲಿ ನಾನು ಇನ್ನೊಂದು ಕೆಲಸವನ್ನೂ ಮಾಡುತ್ತಿದ್ದೆ. ಮೈಸೂರಿನ ನನ್ನ ಪ್ರೊಫೆಸರು ನಮ್ಮ ಬೆಟ್ಟಗಳ ದುಡಿಮೆಯ ಹಾಡುಗಳ ಬಗ್ಗೆ ಪುಸ್ತಕ ಬರೆಯುತ್ತಿದ್ದರು. ಏಲಕ್ಕಿಯ ಅಧ್ಯಾಯಕ್ಕೆ ವಿಷಯ ಕಳಿಸಲು ನನಗೆ ಹೇಳಿದ್ದರು. ನಮ್ಮ ಎಸ್ಟೇಟಿನ ಸ್ಟೋರಿನಲ್ಲಿ, ಒಣಗಿದ ಏಲಕ್ಕಿಯನ್ನು ಆರಿಸಲು ಹೆಂಗಸರು ಸಾಲಾಗಿ ಕೂರುತ್ತಿದ್ದರು. ಬೆಳಗಿನಿಂದ ಸಂಜೆಯವರೆಗೆ ಹಾಡುತ್ತಿದ್ದರು. ನಾನು ಆ ಹಾಡು ಕೇಳಿಕೊಂಡೇ ಬೆಳೆದವಳು. ನಾಲ್ಕು ಜನರನ್ನು ನಮ್ಮ ಮನೆಯ ಜಗಲಿಗೆ ಕರೆಸಿ, ಹಾಡಿಸಿ, ಬರೆದುಕೊಂಡು, ಕೆಲಸ ಮಾಡುವಾಗ ಯಾಕೆ ಹಾಡುತ್ತೀರಿ ಎಂದೂ ಕೇಳಿದೆ. "ಖುಷಿಗೆ ಕಣವ್ವ" ಎಂದರು. ಅದನ್ನೇ ಬರೆದು ಕಳಿಸಿದೆ. ಪ್ರೊಫೆಸರಿಗೆ ಅದು ಹಿಡಿಸಿತು. ದೀಪಾವಳಿ ಕಳೆದ ಮೇಲೆ ಮೈಸೂರಿನ ಕಾಲೇಜೊಂದರಲ್ಲಿ ಅಧ್ಯಾಪಕರ ಹುದ್ದೆಗೆ ಸಂದರ್ಶನವಿದೆಯೆಂದೂ, ತಾವು ನನ್ನ ಪರವಾಗಿ ಶಿಫಾರಸು ಬರೆಯುವುದಾಗಿಯೂ ತಿಳಿಸಿದರು. ಎಸ್ಟೇಟಿನಿಂದ ಹೊರಗೆ ಹೋಗಲು ನನಗೆ ಕಾಣುತ್ತಿದ್ದ ದಾರಿ ಅದೊಂದೇ. ಅದರ ಬಗ್ಗೆ ನಾನು ಮನೆಯಲ್ಲಿ ಹೆಚ್ಚು ಮಾತಾಡುತ್ತಿರಲಿಲ್ಲ. ಆದರೆ ಅಮ್ಮ ನನಗಾಗಿ ಎರಡು ಹೊಸ ಸೀರೆ ತೆಗೆದಿಟ್ಟಿದ್ದರು.

ಆ ವರ್ಷದ ದಸರೆಯಲ್ಲಿ ಸಾಹೇಬರು ತಂದ ಒಂಬತ್ತು ಪುಸ್ತಕಗಳಲ್ಲಿ ಪ್ರೊಫೆಸರರ ಹೊಸ ಪುಸ್ತಕವೂ ಒಂದು. ಅವರು ಅದನ್ನು ನಡುವಿನಿಂದ ಶುರುಮಾಡಿ, ಮುನ್ನುಡಿಗೆ ಬರುವಷ್ಟರಲ್ಲಿ ನಾಲ್ಕು ದಿನವಾಗಿತ್ತು. ಮುನ್ನುಡಿಯ ಕೊನೆಯಲ್ಲಿ ನನ್ನ ಹೆಸರು ಕಂಡು ಅಷ್ಟು ದೂರ ಜೀಪಿನಲ್ಲಿ ಬಂದರು.

"ತಾಯಿ, ನಿನ್ನ ಹೆಸ್ರು ಅಚ್ಚಾಗೈತೆ. ನಂಗೆ ಹೇಳ್ಲೇ ಇಲ್ವಲ್ಲ."

ಅಮ್ಮ ಒಳಗಿನಿಂದ ಬೆಲ್ಲದ ಕಾಫಿ ಕಳಿಸಿದರು. ಮೆಟ್ಟಿಲ ಮೇಲೆ ಕುಳಿತು ಕುಡಿದು, ಲೋಟ ಕೆಳಗಿಟ್ಟು, ಅವರು ಕೇಳಿದರು: "ಏಲಕ್ಕಿ ಪಾಠ ಯಾರಿಗೆ ಓದಿ ಹೇಳೋಣ?"

"ಅದಕ್ಕೆ ವಿಷಯ ಕೊಟ್ಟವಳು ನಾನೇ ಅಲ್ಲವಾ ಸಾಹೇಬ್ರೇ," ಎಂದೆ.

"ನೀನು ಏಲಕ್ಕಿ ಆರ್ಸಿದೀಯಾ?"

"ಇಲ್ಲ."

"ಅಲ್ಲಿ ಕೂತು ಹಾಡಿದೀಯಾ?"

"ಇಲ್ಲ."

"ಹಂಗಾದ್ರೆ ನೀನು ಕೇಳ್ದೋಳು. ಗೊತ್ತಿರೋರು ಬೇರೆ ಅವ್ರೆ." ಅವರ ದನಿಯಲ್ಲಿ ಗೆಲ್ಲುವ ಸಂತೋಷವೇನೂ ಇರಲಿಲ್ಲ. ಬೇರೆಯವರ ಪುಸ್ತಕಕ್ಕೆ ಹೇಳುವಂತೆಯೇ ಹೇಳಿದರು.

ಭಾನುವಾರ ಲೈನಿಗೆ ಹೋದೆವು. ಲೈನು ಎಂದರೆ ಕೂಲಿಯವರ ಸಾಲುಮನೆಗಳು. ಅಲ್ಲಿ ಕೆಂಚಮ್ಮ ಇದ್ದಳು. ಏಲಕ್ಕಿ ಆರಿಸುವವರಲ್ಲಿ ಎಲ್ಲರಿಗಿಂತ ಹಿರಿಯಳು, ನನ್ನ ಜಗಲಿಯಲ್ಲಿ ಕುಳಿತು ಹಾಡಿದ ನಾಲ್ವರಲ್ಲಿ ಒಬ್ಬಳು. ಅವಳನ್ನು ನಮ್ಮ ಮನೆಗೇ ಕರೆಸೋಣ ಎಂದಿದ್ದೆ. ಸಾಹೇಬರು ಬೇಡ ಎಂದಿದ್ದರು. ಅವರು ಸ್ವಲ್ಪ ದೂರದಲ್ಲಿ ಒಂದು ಒರಳಿನ ಮೇಲೆ ಕುಳಿತರು. ನಾನು ಕೆಂಚಮ್ಮನ ಹೊಸಿಲ ಪಕ್ಕ ಕುಳಿತು ಓದಿದೆ. ಹಾಡುಗಳ ಸಾಲು ಬಂದಾಗ ಅವಳು ತಲೆದೂಗಿದಳು. 'ಬೆಟ್ಟದ ಈ ಹೆಂಗಸರು ದುಡಿಮೆಯ ಆನಂದ ತಾಳಲಾರದೆ ಹಾಡುತ್ತಾರೆ' ಎಂಬ ಸಾಲಿಗೆ ಬಂದಾಗ ಎಲೆಯಡಿಕೆ ಉಗಿದು ಬಂದು ಮತ್ತೆ ಕುಳಿತಳು.

"ಅದನ್ನ ಇನ್ನೊಂದು ಕಿತ ಓದಿ ಅಮ್ಮಣ್ಣಿ."

ಓದಿದೆ. ಅವಳು ನಕ್ಕಳು. ಪಕ್ಕದ ಮನೆಯ ಹೆಂಗಸನ್ನು ಕರೆದು, "ಬಾರೇ ಇಲ್ಲಿ, ನಾವು ಆನಂದಕ್ಕೆ ಹಾಡ್ತೀವಂತೆ," ಎಂದಳು. ಇಬ್ಬರೂ ನಕ್ಕರು. ನಾನು ಪುಸ್ತಕದಲ್ಲಿ ಬೆರಳಿಟ್ಟುಕೊಂಡು ಕಾಯುತ್ತಿದ್ದೆ.

"ಬಾಯಿ ಖಾಲಿ ಐತೆ ಅಂತ ತೋರ್ಸಕೆ ಹಾಡದು ಕಣವ್ವ," ಎಂದಳು ಕೆಂಚಮ್ಮ. "ಏಲಕ್ಕಿ ಬಾಯಿಗೆ ಹಾಕ್ಕಂಡೋರು ಹಾಡಕಾಯ್ತದಾ? ಹಾಡು ನಿಂತ್ರೆ ನಿಮ್ಮಪ್ಪಾರು ಕಿಟಕಿ ತಾವ ಬತ್ತಾರೆ. 'ಯಾರೇ ಅದು ಸುಮ್ಕಾದೋಳು?' ಅಂತಾರೆ. ಗಂಟ್ಲು ಕಟ್ಟಿದ್ರೂ ಹಾಡ್ಬೇಕು. ನನ್ ತಂಗಿ ತೀರ್ಕಂಡ ಮಾರ್ನೇ ದಿನಾನೂ ಹಾಡಿವ್ನಿ."

"ಅವತ್ತು ಖುಷಿಗೆ ಅಂದೆಯಲ್ಲ."

"ಅವತ್ತು ನೀವು ಕೇಳಿದ್ದೆಲ್ಲಿ? ನಿಮ್ಮ ಜಗಲಿ ಮ್ಯಾಲೆ. ನಿಮ್ಮಪ್ಪಾರು ಕುರ್ಚಿ ಹಾಕ್ಕಂಡು ಪೇಪರ್ ಓದ್ತಿದ್ರು. ನಾನೇನು ಹೇಳ್ಬೇಕಿತ್ತು, ನೀವೇ ಹೇಳಿ."

ಅಪ್ಪ ಅಂದು ಅಲ್ಲೇ ಕುಳಿತಿದ್ದರು. ಹಾಗೆ ಕುಳಿತಿದ್ದುದನ್ನು ನಾನು ಗಮನಿಸಿಯೂ ಇರಲಿಲ್ಲ. ನನಗೆ ಅವರು ಅಪ್ಪ, ಜಗಲಿ ನಮ್ಮ ಜಗಲಿ. ನಾನು ಹುಟ್ಟಿದಂದಿನಿಂದ ಕೇಳಿದ ಹಾಡು ನಿಲ್ಲದಂತೆ ನೋಡಿಕೊಳ್ಳುತ್ತಿದ್ದವರು ಅವರು ಎಂಬುದು, ಎಂ.ಎ. ಮುಗಿಸಿದ ಮೇಲೂ ನನಗೆ ತಿಳಿದಿರಲಿಲ್ಲ.

ಹಿಂತಿರುಗಿ ಜೀಪಿನ ಹತ್ತಿರ ಬಂದೆವು. ನಾನೇ ಹೇಳಿದೆ: "ಈ ಪುಸ್ತಕವನ್ನು ಪಟ್ಟಿಯಿಂದ ಬಿಟ್ಟುಬಿಡಿ."

"ಬಿಡಬೌದು," ಎಂದರು. "ಆದ್ರೆ ಒಳ್ಳೇ ಪುಸ್ತಕ ಕಣಮ್ಮ. ನಾಟಿ ಹಾಡಿನ ಪಾಠಾನ ಪಾಳ್ಯದಲ್ಲಿ ಓದಿಸ್ದೆ, ಒಂದಕ್ಷರ ತಪ್ಪಿಲ್ಲ ಅಂದ್ರು. ನಿನ್ನ ಒಂದು ಪಾಠಕ್ಕೆ ಮಿಕ್ಕಿದ್ದನ್ನೆಲ್ಲ ಯಾಕೆ ಮುಚ್ಚಿಡೋದು?"

"ಪ್ರೊಫೆಸರು ನನ್ನ ಕೆಲಸಕ್ಕೆ ಬರೆಯುವವರಿದ್ದಾರೆ. ಆಮೇಲೆ, ಅಪ್ಪ..."

ಅವರು ಕೈಯೆತ್ತಿ ನನ್ನನ್ನು ತಡೆದರು. ಜೇಬಿನಿಂದ ಒಂದು ಖಾಲಿ ಚೀಟಿ ತೆಗೆದು ಪುಸ್ತಕದೊಳಗಿಟ್ಟು ನನ್ನ ಕೈಗೆ ಕೊಟ್ಟರು.

"ಇದನ್ನ ನಾನು ಬರೆಯಕಿಲ್ಲ. ನೀನೇ ಬರಿ. ಬರೀದೆ ಇದ್ರೂ ಯಾಕೆ ಅಂತ ಕೇಳಕಿಲ್ಲ. ಖಾಲಿ ಚೀಟೀನೇ ಅಂಟ್ಸಿ ಕಳಿಸ್ತೀನಿ."

ಅವರು ಅದುವರೆಗೆ ಖಾಲಿ ಚೀಟಿಯ ಪುಸ್ತಕ ಕಳಿಸಿದವರಲ್ಲ. ಅದು ನನಗೆ ಗೊತ್ತಿತ್ತು. ನನಗೆ ಗೊತ್ತಿದೆ ಎಂದು ಅವರಿಗೂ ಗೊತ್ತಿತ್ತು.

ಒಂಬತ್ತು ದಿನ ಆ ಚೀಟಿ ನನ್ನ ಪೆಟ್ಟಿಗೆಯಲ್ಲಿತ್ತು. ಆ ನಡುವೆ ಒಮ್ಮೆ ಕೆಂಚಮ್ಮನ ಹತ್ತಿರ ಹೋಗಿ, ಅವಳ ಹೆಸರು ಹಾಕಿ ಬರೆಯಬಹುದೇ ಎಂದು ಕೇಳಿದೆ. ಅವಳು ಬೆನ್ನು ತಿರುಗಿಸಿಕೊಂಡು ಸೌದೆ ಜೋಡಿಸುತ್ತಲೇ ಹೇಳಿದಳು: "ನನ್ ಹೆಸ್ರು ಹಾಕಿದ್ರೆ ನಾಳೆ ನಾನು ಸ್ಟೋರ್ ಒಳಕ್ಕೆ ಕಾಲಿಡಂಗಿಲ್ಲ. ನಿಮ್ ಹೆಸ್ರು ಹಾಕಿ. ನಿಮ್ಮನ್ನ ನಿಮ್ಮಪ್ಪ ಏನ್ ಮಾಡಾರು?"

ಹತ್ತನೆಯ ದಿನ ಬರೆದೆ. ಚೀಟಿಯಲ್ಲಿ ಜಾಗ ಕಡಿಮೆ. ಇಷ್ಟು ಹಿಡಿಸಿತು: 'ಏಲಕ್ಕಿಯ ಅಧ್ಯಾಯಕ್ಕೆ ವಿಷಯ ಒದಗಿಸಿದವಳು ನಾನು. ಹೆಂಗಸರು ಹಾಡುವುದು ಆನಂದಕ್ಕಲ್ಲ, ಬಾಯಲ್ಲಿ ಏಲಕ್ಕಿ ಇಲ್ಲವೆಂದು ತೋರಿಸಲು. ಹಾಡು ನಿಲ್ಲಿಸಬಾರದೆಂಬುದು ಸ್ಟೋರಿನ ಅಪ್ಪಣೆ. ನಾನು ಅವರನ್ನು ಕೇಳಬಾರದ ಜಾಗದಲ್ಲಿ ಕೂರಿಸಿ ಕೇಳಿದೆ. ಉಳಿದ ಅಧ್ಯಾಯಗಳನ್ನು ಓದಬಹುದು.' ಕೆಳಗೆ ನನ್ನ ಹೆಸರು ಹಾಕಿದೆ. ಅದೇ ಮಾತನ್ನು, ಇನ್ನೂ ಸ್ವಲ್ಪ ವಿವರವಾಗಿ, ಪ್ರೊಫೆಸರಿಗೂ ಬರೆದು ಅಂಚೆಗೆ ಹಾಕಿದೆ.

ಸಾಹೇಬರು ಚೀಟಿಯನ್ನು ಓದಿದರು. ನನ್ನನ್ನು ಹೊಗಳಲಿಲ್ಲ. ಅಂಟಿನ ಡಬ್ಬಿ ತೆಗೆದು, ಚೀಟಿಯ ನಾಲ್ಕು ಮೂಲೆಗೂ ಸವರಿ, ರಟ್ಟಿಗೆ ಒತ್ತಿ, ಅಂಗೈಯಿಂದ ನಿಧಾನವಾಗಿ ಉಜ್ಜಿದರು. ಮಾಮೂಲಿಗಿಂತ ಹೆಚ್ಚು ಹೊತ್ತು ಉಜ್ಜಿದರು ಎಂದು ನನ್ನ ನೆನಪು. ಆಮೇಲೆ, "ಕಾಲೇಜಿನ ಕಾಗದ ಬಂದ್ರೆ ಹೇಳು, ಜೀಪು ಕಳಿಸ್ತೀನಿ, ಮೈಸೂರಿಗೆ ಬಸ್ಸಲ್ಲಿ ಹೋಗ್ಬ್ಯಾಡ," ಎಂದರು.

ಪ್ರೊಫೆಸರರ ಉತ್ತರ ಮೂರು ವಾರದ ಮೇಲೆ ಬಂತು. ತಿಳಿಸಿದ್ದಕ್ಕೆ ವಂದನೆ ಹೇಳಿ, ಇನ್ನೊಂದು ಮುದ್ರಣವಾದರೆ ಗಮನಿಸುವುದಾಗಿ ಬರೆದಿದ್ದರು. ಕೆಲಸದ ಮಾತು ಇರಲಿಲ್ಲ. ಸಂದರ್ಶನಕ್ಕೆ ಹೋಗಿಬಂದೆ. ಹುದ್ದೆ ಬೇರೆಯವರಿಗೆ ಆಯಿತು. ಅದಕ್ಕೆ ನಾನು ಬರೆದ ಪತ್ರವೇ ಕಾರಣ ಎನ್ನಲು ನನ್ನ ಬಳಿ ಆಧಾರವಿಲ್ಲ, ಆದ್ದರಿಂದ ಹಾಗೆ ಎನ್ನುವುದಿಲ್ಲ. ಮುಂದಿನ ಜೂನಿನಲ್ಲಿ ಹಾಸನದ ಹುಡುಗಿಯರ ಶಾಲೆಯೊಂದರಲ್ಲಿ ಕೆಲಸ ಸಿಕ್ಕಿತು. ಈಗಲೂ ಅಲ್ಲೇ ಇದ್ದೇನೆ. ಹುದ್ದೆ ತಪ್ಪಿದ ಸುದ್ದಿ ಕೇಳಿ ಸಾಹೇಬರು ಸಮಾಧಾನ ಹೇಳಲು ಬರಲಿಲ್ಲ. ರೇಷ್ಮೆಹುಳು ಸಾಕುವ ಒಂದು ಪುಸ್ತಕ ಕಳಿಸಿ, ಆಲೂರಿನ ಹತ್ತಿರ ಆ ಕೆಲಸ ಗೊತ್ತಿರುವ ಹೆಂಗಸೊಬ್ಬಳಿದ್ದಾಳೆ, ಮಂಗಳವಾರ ಹೋಗಿ ಓದಬೇಕು ಎಂದು ಹೇಳಿ ಕಳಿಸಿದರು. ಆ ಮಂಗಳವಾರ ಹಾಸಿಗೆ ಬಿಟ್ಟು ಏಳಲು ನನಗೆ ಇದ್ದ ಕಾರಣ ಅದೊಂದೇ.

ಆ ದಿನಗಳಲ್ಲಿ ಪ್ರೊಫೆಸರರ ಪುಸ್ತಕ ಎಸ್ಟೇಟಿನಿಂದ ಎಸ್ಟೇಟಿಗೆ ಹೋಗುತ್ತಿತ್ತು, ನನ್ನ ಹೆಸರಿನ ಚೀಟಿ ಹೊತ್ತುಕೊಂಡು. ಸರದಿಯಂತೆ ನಮ್ಮ ಎಸ್ಟೇಟಿಗೂ ಬಂತು. ಬಂದ ಪುಸ್ತಕವನ್ನು ಮೊದಲು ತೆಗೆದುಕೊಳ್ಳುತ್ತಿದ್ದವರು ಅಪ್ಪ. ರಾತ್ರಿ ಊಟವಾದ ಮೇಲೆ ಓದುವುದು ಅವರ ರೂಢಿ. ಎಂಟು ದಿನ ಅದು ಅವರ ಮೇಜಿನ ಮೇಲಿತ್ತು. ಅವರು ಏನೂ ಹೇಳಲಿಲ್ಲ. ನಾನೂ ಕೇಳಲಿಲ್ಲ. ನಮ್ಮ ಮನೆಯಲ್ಲಿ ಹಾಗೆಯೇ. ಅಮ್ಮ ಇಬ್ಬರ ಮುಖವನ್ನೂ ನೋಡುತ್ತಾ ಬಡಿಸುತ್ತಿದ್ದರು. ಒಂಬತ್ತನೆಯ ದಿನ ಪುಸ್ತಕ ಲಾರಿಯಲ್ಲಿ ಮುಂದಕ್ಕೆ ಹೋಯಿತು.

ಮಳೆ ಹಿಡಿಯುವ ಮುಂಚೆ ಎಲ್ಲ ಪುಸ್ತಕಗಳೂ ಆಫೀಸಿಗೆ ಹಿಂತಿರುಗಿದವು. ಒಂದು ಮಧ್ಯಾಹ್ನ ನಾನು ಅಲ್ಲಿಗೆ ಹೋದಾಗ ಸಾಹೇಬರು ಒಂದೊಂದನ್ನೂ ತೆರೆದು, ಹಾಳೆ ತಿರುವಿ, ಎಣ್ಣೆಯ ಬೆರಳು ಹುಡುಕುತ್ತಿದ್ದರು. ಪ್ರೊಫೆಸರರ ಪುಸ್ತಕ ತೆರೆದವರು ಹಾಗೆಯೇ ನಿಂತರು. ಕನ್ನಡಕ ತೆಗೆದು, ಪಂಚೆಯಲ್ಲಿ ಒರೆಸಿ, ಮತ್ತೆ ಹಾಕಿಕೊಂಡು ಓದಿದರು. ಆಮೇಲೆ ಪುಸ್ತಕವನ್ನು ನನ್ನ ಕಡೆ ತಿರುಗಿಸಿದರು.

ನನ್ನ ಚೀಟಿಯಲ್ಲಿ 'ಸ್ಟೋರಿನ ಅಪ್ಪಣೆ' ಎಂಬ ಮಾತಿನ ಕೆಳಗೆ ಒಂದು ಗೆರೆ ಎಳೆದಿತ್ತು. ಚೀಟಿಯ ಕೆಳಗೆ, ರಟ್ಟಿನ ಮೇಲೆ, ಎಸ್ಟೇಟಿನ ನೀಲಿ ಮಸಿಯಲ್ಲಿ, ನಾನು ಎಲ್ಲಿ ಕಂಡರೂ ಗುರುತಿಸುವ ಅಕ್ಷರದಲ್ಲಿ ಬರೆದಿತ್ತು: 'ಅಪ್ಪಣೆ ಸ್ಟೋರಿನದಲ್ಲ, ನನ್ನದು. ಬರುವ ಏಲಕ್ಕಿ ಕಾಲದಿಂದ ಅದು ಇರುವುದಿಲ್ಲ.' ಕೆಳಗೆ ಅಪ್ಪನ ಪೂರ್ತಿ ಸಹಿ.

"ನಿಮ್ಮಪ್ಪ ಬರ್ದಿದ್ದನ್ನ ಇಪ್ಪತ್ತು ವರ್ಷದಿಂದ ಓದ್ತಾ ಇದೀನಿ," ಎಂದರು ಸಾಹೇಬರು. "ಇಷ್ಟು ಮೂಟೆ, ಇಂಥಾ ಲಾರಿ, ಇಂಥಾ ತಾರೀಖು. ಅದ್ರಾಗೂ ಒಂದು ತಪ್ಪು ಇರ್ತಿರ್ಲಿಲ್ಲ ಬಿಡು." ಪುಸ್ತಕವನ್ನು ಮುಚ್ಚಿ ಮೇಜಿನ ಮೇಲೆ ಬೇರೆಯಾಗಿ ಇಟ್ಟರು.

ಆ ಹಿಂಗಾರಿನಲ್ಲಿ ನಾನು ರಜೆಗೆ ಊರಿಗೆ ಹೋದಾಗ ಸ್ಟೋರಿನ ಮುಂದೆ ಹಾದುಹೋದೆ. ಒಳಗಿನಿಂದ ಹಾಡು ಕೇಳಲಿಲ್ಲ. ಎಲ್ಲರೂ ಒಟ್ಟಿಗೆ ಮಾತಾಡುತ್ತಿದ್ದರು. ಯಾರದೋ ಸೊಸೆಯ ವಿಷಯ ನಡೆಯುತ್ತಿತ್ತು. ಕೆಂಚಮ್ಮನ ದನಿ ಎಲ್ಲರಿಗಿಂತ ಮೇಲಿತ್ತು.

ಅದೇ ರಜೆಯಲ್ಲಿ ಆ ವರ್ಷದ ಪಟ್ಟಿ ಮನೆಗೆ ಬಂತು. ಎಂಟು ಹೊಸ ಪುಸ್ತಕಗಳು. ಒಂಬತ್ತನೆಯದು ಹಿಂದಿನ ವರ್ಷದ್ದು, ನನ್ನ ಚೀಟಿಯೂ ಅಪ್ಪನ ಸಾಲೂ ಇದ್ದ ಪ್ರೊಫೆಸರರ ಪುಸ್ತಕ. ಹಳೆಯ ಪುಸ್ತಕವನ್ನು ಅವರು ಹೊಸ ಪಟ್ಟಿಗೆ ಸೇರಿಸಿದ್ದು, ನನಗೆ ತಿಳಿದಂತೆ, ಅದೊಂದೇ ಸಲ. ಅದರ ಮುಂದೆ ಕಾರ್ಬನ್ನಿನ ಮಸುಕು ಅಕ್ಷರದಲ್ಲಿ ಎರಡೇ ಮಾತು ಬರೆದಿದ್ದರು: 'ಈಗ ಓದಬಹುದು.'